ಮೀನು ಗದ್ದೆ ಹತ್ತುವ ರಾತ್ರಿ

ಬೇಟೆ ಎಂದರೇನು ಎಂಬುದಕ್ಕೆ ಹೆಚ್ಚು ಹೊತ್ತು ಬೇಡ. ನಾವು ಸಾಕದ, ಬೆಳೆಸದ ಜೀವಿಯನ್ನು ಹುಡುಕಿ ಹಿಡಿಯುವುದು ಬೇಟೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಕೊಲ್ಲುವುದಷ್ಟೇ ಅಲ್ಲ, ಉರುಳು ಒಡ್ಡುವುದು, ಸೋವುವುದು, ಹಕ್ಕಿಯ ಮೊಟ್ಟೆಗೆ ಕೈಹಾಕುವುದು ಕೂಡ ಬೇಟೆಯೇ. ಪರವಾನಗಿ ಪಡೆದು ಬೇಟೆಯಾಡಲು ಮೊದಲು ಇದ್ದ ಅವಕಾಶ 1991ರ ತಿದ್ದುಪಡಿಯೊಂದಿಗೆ ಮುಗಿಯಿತು.

ಎಡವುವುದು ಮುಂದಿನ ಮೆಟ್ಟಿಲಲ್ಲಿ. ಖುಷಿಗೆ ಆಡಿದರೆ ಮೋಜು, ಹೊಟ್ಟೆಗೆ ಆಡಿದರೆ ಬದುಕು ಎಂದು ಬಹಳ ಜನ ಗೆರೆ ಎಳೆದುಬಿಡುತ್ತಾರೆ. ಆ ಗೆರೆ ನಿಲ್ಲುವುದಿಲ್ಲ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಸಿಕ್ಕ ಹತ್ತನೆಯ ಶತಮಾನದ ಶಾಸನ ನೋಡಿ. ಯುದ್ಧದಲ್ಲಿ ಮೆರೆದ ಮಣಲೇರ ಎಂಬ ವೀರ ಮೆಚ್ಚುಗೆಯಾಗಿ ಬೇಡಿಕೊಂಡದ್ದು ಕಾಳಿ ಎಂಬ ಬೇಟೆನಾಯಿಯನ್ನು. ಆ ಕಾಳಿ ಕಾಡುಹಂದಿಯ ಮೇಲೆ ಬಿದ್ದು, ಹಂದಿಯನ್ನು ಕೊಂದು ತಾನೂ ಸತ್ತಾಗ ಅದರ ಹೆಸರಿಗೆ ಕಲ್ಲು ನಿಂತಿತು, ಪೂಜೆಗೆ ಭೂಮಿಯೂ ಸಂದಿತು. ಮಣಲೇರನಿಗೆ ಅನ್ನಕ್ಕೇನೂ ಕೊರತೆ ಇರಲಿಲ್ಲ; ಆದರೂ ಅವನ ಬೇಟೆಯನ್ನು ಬರೀ ಹೊತ್ತು ಕಳೆಯುವ ಆಟ ಎನ್ನಲು ನನಗೆ ಬಾಯಿ ಬರುವುದಿಲ್ಲ. ಇತ್ತ ಹಸಿದು ಗಾಳ ಹಾಕುವವನಿಗೂ ಮೀನು ಕಚ್ಚಿದಾಗ ಎದೆ ಹಾರುತ್ತದೆ. ಖುಷಿ ಎರಡೂ ಕಡೆ ಇದೆ. ಹಾಗಾಗಿ ನಾನು ಬೇರೆ ಪ್ರಶ್ನೆ ಕೇಳುತ್ತೇನೆ: ಬರುವ ವರ್ಷವೂ ಇದೇ ಜಾಗದಲ್ಲಿ ಇದೇ ಜೀವಿ ಇರಬೇಕು ಎಂಬ ಚಿಂತೆ ಈ ಬೇಟೆಯೊಳಗೆ ಇದೆಯೇ?

ತುಳುನಾಡಿನ ಕೆಡ್ಡಸ ಹಬ್ಬದಲ್ಲಿ ಆ ಚಿಂತೆಯ ಒಂದು ರೂಪವಿತ್ತು. ಪೊನ್ನಿ ತಿಂಗಳ ಕೊನೆಗೆ, ಫೆಬ್ರವರಿ ಎರಡನೆಯ ವಾರದ ಆಸುಪಾಸಿನಲ್ಲಿ, ಭೂಮಿತಾಯಿ ಮುಟ್ಟಾಗುವಳೆಂದು ಮೂರು ದಿನ ನೇಗಿಲು, ಹಾರೆ ಮುಟ್ಟುವುದಿಲ್ಲ. ಊರವರು ಒಟ್ಟಾಗಿ ಬೋಂಟೆಗೆ, ಅಂದರೆ ಬೇಟೆಗೆ, ಹೊರಡುತ್ತಿದ್ದದ್ದು ಆ ದಿನಗಳಲ್ಲಿ. ಬೇಟೆಗೆ ಗೊತ್ತುಮಾಡಿದ ದಿನವಿತ್ತು, ಜೊತೆಗೆ ಊರಿತ್ತು. ಇಂದು ನನ್ನೆರಿ ಎಂಬ ತಿನಿಸು, ತುಳಸಿಕಟ್ಟೆಯ ಬಳಿ ಭೂಮಿಗೆ ಎರೆಯುವ ಎಣ್ಣೆ ಉಳಿದಿವೆ. ಬೋಂಟೆ ಕಾನೂನಿಗೆ ವಿರುದ್ಧ. ಕಾಡು ಇಷ್ಟು ಕುಗ್ಗಿದ ಮೇಲೆ ಅದು ಮರಳಿ ಬರುವುದೂ ಬೇಡ.

ಆದರೆ ಕೆಮ್ಮಣ್ಣಿನಂಥ ಹೊಳೆಬದಿಯ ಊರುಗಳಲ್ಲಿ ಒಂದು ಬೇಟೆ ಇನ್ನೂ ಜೀವಂತವಾಗಿದೆ: ಉಬೆರ್, ಅಂದರೆ ಹತ್ತುವ ಮೀನಿನ ಬೇಟೆ. ಇದರ ಬಗ್ಗೆ ಎಷ್ಟು ಹೇಳಿದರೂ ನನಗೆ ತೃಪ್ತಿಯಿಲ್ಲ!

ಬೇಸಿಗೆಯಲ್ಲಿ ಇಲ್ಲಿನ ಸ್ವರ್ಣಾ ಹೊಳೆಗೆ ಭರತದ ಜೊತೆ ಉಪ್ಪುನೀರು ಏರುತ್ತದೆ. ಜೂನ್‌ನಲ್ಲಿ ಮಳೆ ಹಿಡಿದರೆ ಮೇಲಿನಿಂದ ಬರುವ ಕೆಂಪುನೀರು ಆ ಉಪ್ಪನ್ನು ಕಡಲಿಗೆ ದಬ್ಬುತ್ತದೆ. ಬೈಲುಗದ್ದೆ ತುಂಬಿ, ಹುಣಿ, ಅಂದರೆ ಗದ್ದೆಯ ಬದು, ದಾಟಿ, ನೀರು ತೋಡಿಗೆ ಧುಮುಕುತ್ತದೆ. ಒಳನಾಡಿನ ಸಿಹಿನೀರ ಮೀನುಗಳಿಗೆ ಇದೇ ಕರೆ. ತಂಪಾದ ಹೊಸನೀರು, ಎದುರು ಹರಿವು, ಇಷ್ಟು ಸಿಕ್ಕರೆ ಮೊಟ್ಟೆ ತುಂಬಿದ ಮೀನು ಹರಿವಿಗೆ ಎದುರಾಗಿ ಹತ್ತುತ್ತದೆ. ಗದ್ದೆಯೇ ಏಕೆ? ಅಲ್ಲಿ ನೀರು ಆಳವಿಲ್ಲ, ಬಿರುಸಿಲ್ಲ, ಮೊಟ್ಟೆ ಕೊಚ್ಚಿಹೋಗುವುದಿಲ್ಲ. ಹೊಸದಾಗಿ ಮುಳುಗಿದ ಮಣ್ಣಲ್ಲಿ ಹುಟ್ಟುವ ಸೂಕ್ಷ್ಮಜೀವಿಗಳು ಮರಿಗಳಿಗೆ ಮೊದಲ ತುತ್ತು. ಮುಗುಡು ಮೀನಂತೂ ನೀರು ತೆಳುವಾದಲ್ಲಿಯೂ ನಿಲ್ಲುವುದಿಲ್ಲ. ಅದರ ಕಿವಿರಿನ ಮೇಲೆ ಮರದ ಕೊಂಬೆಯಂತೆ ಕವಲೊಡೆದ ಅಂಗವಿದೆ. ಅದರಿಂದ ಗಾಳಿಯನ್ನೇ ಉಸಿರಾಡುತ್ತದೆ. ಒದ್ದೆ ಹುಲ್ಲಿನ ಮೇಲೆ ಎದೆಯ ಮುಳ್ಳು ಊರಿ, ಮೈ ಬಳುಕಿಸಿ ಹುಣಿ ದಾಟುವ ಮುಗುಡನ್ನು ಟಾರ್ಚಿನ ಬೆಳಕಲ್ಲಿ ಮೊದಲ ಸಲ ಕಂಡಾಗ ನಾನು ಕೈಯಲ್ಲಿದ್ದ ಕತ್ತಿಯನ್ನೇ ಮರೆತು ನಿಂತಿದ್ದೆ.

ಹಿಂದೆ ಸೂಟೆ ಹಿಡಿದು, ಈಗ ಟಾರ್ಚು ಹಿಡಿದು, ಮಂಡಿಮಟ್ಟ ನೀರಲ್ಲಿ ಜನ ಇಳಿಯುತ್ತಾರೆ. ಕತ್ತಿಯಲ್ಲಿ ಕಡಿಯುವವರಿದ್ದಾರೆ, ತೋಡಿನ ಬಾಯಿಗೆ ಬಿದಿರಿನ ಕೂಳಿ ಇಡುವವರಿದ್ದಾರೆ. ವರ್ಷಕ್ಕೆ ಎರಡು ಮೂರು ರಾತ್ರಿಯ ಮಾತು. ಬೆಳಗ್ಗೆ ಆಚೀಚೆ ಮನೆಗೂ ಒಂದಿಷ್ಟು ಹೋಗುತ್ತದೆ.

ಬರುವ ವರ್ಷವೂ ಈ ಜೀವಿ ಇರಬೇಕೆಂಬ ಚಿಂತೆ ಇದೆಯೇ ಎಂಬ ಆ ಪ್ರಶ್ನೆಯನ್ನು ಈಗ ಇಲ್ಲಿಗೆ ತನ್ನಿ. ತೋಡಿನ ಒಂದು ಬದಿಗೆ ಕೂಳಿ ಇಟ್ಟು ಇನ್ನೊಂದು ಬದಿ ತೆರೆದಿಟ್ಟರೆ ಒಂದಷ್ಟು ಮೀನಾದರೂ ಹತ್ತಿ ಮೊಟ್ಟೆ ಇಡುತ್ತದೆ. ದಡದಿಂದ ದಡಕ್ಕೆ ನೈಲಾನ್ ಬಲೆ ಬಿಗಿದರೆ ಒಂದೂ ಹತ್ತದು. ವಿದ್ಯುತ್ ತಂತಿ ನೀರಿಗೆ ಇಳಿಸಿದರೆ ಮರಿಯೂ ಉಳಿಯದು, ಹಿಡಿಯಲು ಹೋದವನ ಜೀವಕ್ಕೂ ಖಾತ್ರಿಯಿಲ್ಲ. ಮೂರೂ ಒಂದೇ ರಾತ್ರಿ, ಒಂದೇ ಮೀನಿಗೆ. ಮೊದಲನೆಯದನ್ನು ಬದುಕು ಎನ್ನುತ್ತೇನೆ. ಉಳಿದೆರಡು ಎಷ್ಟೇ ಬಡವನ ಕೈಯಿಂದ ಆದರೂ ಬದುಕಲ್ಲ, ಮೋಜೂ ಅಲ್ಲ, ಬರೀ ಕೊಳ್ಳೆ. ಕಡಲಿನಲ್ಲಿ ಯಾಂತ್ರಿಕ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ರಜೆ ಇರುವುದು ಇದೇ ಲೆಕ್ಕಕ್ಕೆ. ಗದ್ದೆ ಹತ್ತುವ ಮೀನಿಗೆ ಬಂದರಿನ ಕಾವಲಿಲ್ಲ. ಹುಣಿಯ ಮೇಲೆ ನಿಂತವರೇ ಕಾಯಬೇಕು.

ಗದ್ದೆಗಳಿಗೆ ಮಣ್ಣು ತುಂಬಿ ಮನೆ ಎದ್ದಲ್ಲಿ ಮೀನಿನ ದಾರಿಯೂ ಮುಚ್ಚಿಹೋಗಿದೆ. ಯಾವ ತೋಡಿನಲ್ಲಿ ಯಾವ ಮೀನು ಇನ್ನೂ ಹತ್ತುತ್ತಿದೆ ಎಂಬುದು ಹಿರಿಯರ ನೆನಪಿನಲ್ಲಿದೆ, ಪುಸ್ತಕದಲ್ಲಿಲ್ಲ. ಇದನ್ನು ಓದುತ್ತಿರುವ ಹೈಸ್ಕೂಲಿನ ಮಕ್ಕಳೇ, ಮುಂದಿನ ಜೂನ್‌ನಲ್ಲಿ ಒಂದು ನೋಟ್‌ಬುಕ್ ಇಡಿ. ಮಳೆ ಬಿದ್ದ ದಿನ, ಮೀನು ಹತ್ತಿದ ರಾತ್ರಿ, ತೋಡಿನ ಹೆಸರು, ಮೀನಿನ ಹೆಸರು ತುಳುವಿನಲ್ಲೋ ಕನ್ನಡದಲ್ಲೋ ಬರೆಯಿರಿ. ಗೊತ್ತಾಗದಿದ್ದರೆ ಅಜ್ಜನನ್ನು ಕೇಳಿ. ಐದು ವರ್ಷ ಬಿಡದೆ ಬರೆದಿಡಿ.