ಗುಡ್ಡದ ಬದಿಯ ಮನೆಗೆ ಚಂದದ ಅಂಗಳ

ಮನೆಯ ಎದುರು ಚಂದ ಕಾಣಬೇಕೆಂಬ ಆಸೆ ಯಾರಿಗಿಲ್ಲ? ಆದರೆ ನಮ್ಮ ಕಾಸರಗೋಡಿನ ಕಡೆ ಸಮತಟ್ಟಾದ ಜಾಗ ಕಡಿಮೆ. ಬಯಲು ಗದ್ದೆಗೆ, ತೋಟಕ್ಕೆ. ಮನೆ ಗುಡ್ಡದ ಬದಿಗೆ. ಇದು ಹಿರಿಯರು ಇಟ್ಟುಕೊಂಡು ಬಂದ ಕ್ರಮ. ಪಾಲಾದ ಮೇಲೆ ಮಕ್ಕಳಿಗೆ ಸಿಗುವುದೂ ಹೆಚ್ಚಾಗಿ ಇಳಿಜಾರಿನ ಹತ್ತು ಸೆಂಟ್ಸ್ ಜಾಗವೇ. ಅಲ್ಲಿ ಅಂಗಳವನ್ನು ಅಂದಗೊಳಿಸುವುದು ಹೇಗೆ?

ಮೊದಲು ನಮ್ಮದೇ ತಪ್ಪನ್ನು ಹೇಳಿಬಿಡುತ್ತೇವೆ. ಮಗಳ ಮದುವೆಗೆ ಅಂಗಳ ಸಾಲದೆಂದು ಜೆಸಿಬಿ ತರಿಸಿ ಮೇಲಿನ ದರೆಯನ್ನು ನೆಟ್ಟಗೆ ಕಡಿಸಿದೆವು. ಆ ಮಣ್ಣನ್ನು ಕೆಳಬದಿಗೆ ತುಂಬಿಸಿ, ಎಂಟಡಿ ಎತ್ತರದ ಗೋಡೆ ಕಟ್ಟಿಸಿ, ಸಿಮೆಂಟು ಸಾರಣೆ ಮಾಡಿ ಬಣ್ಣ ಬಳಿದೆವು. ಬಂದವರೆಲ್ಲ ಹೊಗಳಿದರು. ಮೊದಲ ಮಳೆಗಾಲ ಹೇಗೋ ಕಳೆಯಿತು. ಎರಡನೆಯ ವರ್ಷ ಜುಲೈಯ ಒಂದು ರಾತ್ರಿ ಗೋಡೆ ಹೊಟ್ಟೆ ಬಿಟ್ಟು ಕೆಳಗಿನ ಹಟ್ಟಿಯ ಮೇಲೆ ಬಿತ್ತು. ಒಂದು ಕರು ಸತ್ತಿತು. ಹಾಲು ಕರೆಯುವ ಹೊತ್ತಾಗಿದ್ದರೆ ಏನಾಗುತ್ತಿತ್ತೆಂದು ನೆನೆದರೆ ಇಂದಿಗೂ ಮೈ ನಡುಗುತ್ತದೆ.

ಮರುದಿನ ಬಂದ ಹಿರಿಯ ಮೇಸ್ತ್ರಿಯೊಬ್ಬರು ಗೋಡೆಯನ್ನು ನೋಡಿ ಹೇಳಿದ್ದು ಇಷ್ಟೇ: "ಬೀಳಿಸಿದ್ದು ಮಣ್ಣಲ್ಲ, ನೀರು. ನೀರಿಗೆ ಹೊರಗೆ ಬರಲು ನೀವು ಒಂದು ತೂತೂ ಇಟ್ಟಿಲ್ಲವಲ್ಲ."

ಮೊದಲು ನೀರಿಗೆ ದಾರಿ

ನಮ್ಮಲ್ಲಿ ವರ್ಷಕ್ಕೆ ಸುಮಾರು 3,500 ಮಿಲ್ಲಿಮೀಟರ್ ಮಳೆ. 100 ಚದರ ಮೀಟರ್ ಮಾಡಿನ ಮೇಲೆ ಒಂದು ದಿನ 100 ಮಿಲ್ಲಿಮೀಟರ್ ಮಳೆ ಸುರಿದರೆ ಹತ್ತು ಸಾವಿರ ಲೀಟರ್ ನೀರು ಅಂಗಳಕ್ಕೆ ಇಳಿಯುತ್ತದೆ. ಈ ನೀರನ್ನು ದೋಣಿ, ಪೈಪುಗಳಲ್ಲಿ ಹಿಡಿದು ಕಣಿಗೆ ಬಿಡಬೇಕು. ಗುಡ್ಡದಿಂದ ಬರುವ ನೀರು ದರೆಯ ಅಂಚಿಗೆ ಬರುವ ಮೊದಲೇ ಮೇಲ್ಬದಿಯ ಕಣಿಯಿಂದ ಪಕ್ಕಕ್ಕೆ ತಿರುಗಲಿ. ಇಂಗುಗುಂಡಿ ಒಳ್ಳೆಯದೇ, ಆದರೆ ಕಡಿದ ದರೆಯ ತಲೆಯ ಮೇಲೆ ಬೇಡ. ನೀರನ್ನು ನೆರೆಮನೆಯವರ ದರೆಯ ಮೇಲೆ ಬಿಟ್ಟು ಕೈತೊಳೆದುಕೊಳ್ಳುವುದೂ ಬೇಡ.

ಇನ್ನೊಂದು ಮಾತು. ಮೇಲೆ ಗಟ್ಟಿಯಾದ ಮುರಕಲ್ಲು ಕಂಡಿತೆಂದು ಧೈರ್ಯ ಪಡಬಾರದು. ಅದರ ಅಡಿಯಲ್ಲಿ ಅನೇಕ ಕಡೆ ಶೇಡಿಮಣ್ಣು ಇರುತ್ತದೆ. ಒಣಗಿದಾಗ ಗಟ್ಟಿ, ನೀರು ಕುಡಿದರೆ ಹಿಟ್ಟಿನಂತೆ. ದರೆ ಕಡಿಯುವಾಗ ಬಿಳಿ ಅಥವಾ ನಸುಗೆಂಪು ಬಣ್ಣದ ಈ ಮಣ್ಣು ಕಂಡರೆ ಅಲ್ಲಿಗೇ ಕೆಲಸ ನಿಲ್ಲಿಸಿ, ತಿಳಿದ ಇಂಜಿನಿಯರರನ್ನು ಕರೆಸಿ. ಮಣ್ಣು ತೆಗೆಯುವ ಮೊದಲು ಅನುಮತಿಯ ಬಗ್ಗೆ ಪಂಚಾಯತು ಕಚೇರಿಯಲ್ಲಿ ವಿಚಾರಿಸಿ.

ಒಂದು ಎತ್ತರದ ಗೋಡೆಗಿಂತ ಎರಡು ಗಿಡ್ಡ ಗೋಡೆ

ಬಿದ್ದ ಎಂಟಡಿಯ ಬದಲು ನಾವು ನಾಲ್ಕು ನಾಲ್ಕು ಅಡಿಯ ಎರಡು ಗೋಡೆ ಕಟ್ಟಿಸಿದೆವು. ಇದಕ್ಕೆ ಅಂಗಳದ ಅಗಲ ಕಡಿಮೆಯಾಯಿತು, ಆದರೆ ನಡುವೆ ಹೂವಿಗೊಂದು ತಟ್ಟು ಸಿಕ್ಕಿತು. ಎರಡು ಗೋಡೆಗಳ ನಡುವೆ ಕೆಳಗಿನ ಗೋಡೆಯ ಎತ್ತರದ ಎರಡು ಪಟ್ಟು ಅಂತರವಿದ್ದರೆ ಮೇಲಿನದರ ಭಾರ ಕೆಳಗಿನದಕ್ಕೆ ಬೀಳುವುದಿಲ್ಲ. ಅಡಿಪಾಯ ಗಟ್ಟಿ ನೆಲದಲ್ಲಿರಲಿ, ತುಂಬಿಸಿದ ಮಣ್ಣಿನಲ್ಲಲ್ಲ. ಗಾರೆ ಇಲ್ಲದೆ ಕಲ್ಲು ಕಟ್ಟುವುದಾದರೆ ಬುಡದ ಅಗಲ ಎತ್ತರದ ಅರ್ಧದಷ್ಟಿರಲಿ. ಗೋಡೆ ಗುಡ್ಡದ ಕಡೆಗೆ ಸ್ವಲ್ಪ ವಾಲಿರಲಿ. ಗಾರೆ ಹಾಕಿದರೆ ಅಲ್ಲಲ್ಲಿ ಪೈಪು ಇಟ್ಟು, ಹಿಂಬದಿಗೆ ಜಲ್ಲಿ ತುಂಬಿಸಿ. ಐದಡಿಗಿಂತ ಎತ್ತರ ಬೇಕಾದರೆ ಸ್ವಂತ ಅಂದಾಜಿನಿಂದ ಕಟ್ಟಿಸಬೇಡಿ. ಸಾರಣೆ ಮಾಡದ ಮುರಕಲ್ಲಿನ ಕೆಂಪು ಬಣ್ಣವೇ ಚಂದ, ಖರ್ಚೂ ಉಳಿಯಿತು.

ಮೆಟ್ಟಿಲು ಹಿರಿಯರಿಗೂ ಆಗಲಿ

"ಮನೆ ಚಂದ ಉಂಟು ಮಗಾ, ಆದರೆ ಇಳಿಯಲು ಹೆದರಿಕೆ" ಎಂದು ನಮ್ಮ ಅಮ್ಮ ಹೇಳುತ್ತಿದ್ದರು. ಪ್ರಾಯದವರು ಬಿದ್ದು ಸೊಂಟದ ಮೂಳೆ ಮುರಿದರೆ ಮತ್ತೆ ಏಳುವುದು ಕಷ್ಟ. ಮೆಟ್ಟಿಲು ಆರಿಂಚು ಎತ್ತರ, ಒಂದಡಿ ಅಗಲ ಇರಲಿ. ಎಲ್ಲವೂ ಒಂದೇ ಅಳತೆಯಲ್ಲಿರಲಿ. ಹತ್ತು ಮೆಟ್ಟಿಲಿಗೊಂದು ಅಗಲವಾದ ತಂಗುಕಟ್ಟೆ, ಹಿಡಿಯಲು ಕಬ್ಬಿಣದ ಪೈಪು, ರಾತ್ರಿಗೆ ಒಂದು ಬಲ್ಬು. ನುಣುಪಾದ ಟೈಲ್ಸ್ ಹೊರಗೆ ಬೇಡವೇ ಬೇಡ. ಮಳೆಗಾಲದಲ್ಲಿ ಪಾಚಿ ಕಟ್ಟಿದರೆ ಬ್ಲೀಚಿಂಗ್ ಪುಡಿ ಹಾಕಿ ಉಜ್ಜಿ ತೊಳೆಯಿರಿ.

ಮಣ್ಣು ಹಿಡಿಯುವ ಹಸಿರು

ದರೆಗೆ ಅಂದ ಕೊಡುವುದು ಗಿಡ. ಇವುಗಳಲ್ಲಿ ಲಾವಂಚಕ್ಕೆ ಮೊದಲ ಸ್ಥಾನ. ಇದರ ಬೇರು ಪಕ್ಕಕ್ಕೆ ಹರಡದೆ ಎರಡು ಮೂರು ಮೀಟರ್ ಕೆಳಕ್ಕಿಳಿಯುತ್ತದೆ. ಮಳೆ ಹಿಡಿದ ಕೂಡಲೇ ಇಳಿಜಾರಿಗೆ ಅಡ್ಡಲಾಗಿ, ಗೇಣಿಗಿಂತ ಕಡಿಮೆ ಅಂತರದಲ್ಲಿ ಸಾಲಾಗಿ ನೆಡಿ. ವರ್ಷಕ್ಕೆರಡು ಬಾರಿ ಕತ್ತರಿಸಿದರೆ ಅಂದವಾಗಿ ನಿಲ್ಲುತ್ತದೆ. ಆದರೆ ಬೇರು ಮಾರುವ ಆಸೆಗೆ ಕಿತ್ತರೆ ದರೆಯೂ ಜೊತೆಗೆ ಬಂದೀತು! ತಟ್ಟಿನ ಅಂಚಿಗೆ ಅನಾನಸು ನೆಟ್ಟರೆ ಮಣ್ಣೂ ನಿಲ್ಲುತ್ತದೆ, ಹಣ್ಣೂ ಸಿಗುತ್ತದೆ. ಒಳಬದಿಗೆ ಕೇಪುಳ, ದಾಸವಾಳ, ಅಬ್ಬಲಿಗೆ ಇರಲಿ. ಬಾಳೆಯಾಗಲೀ ದೊಡ್ಡ ಮರವಾಗಲೀ ಅಂಚಿನಲ್ಲಿ ಬೇಡ.

ಚಟ್ಟಿಗಳ ಅಡಿಯ ತಟ್ಟೆ, ಬಿದ್ದ ಅಡಿಕೆ ಹಾಳೆ, ಖಾಲಿ ಕರಟ ಇವುಗಳಲ್ಲಿ ನಿಂತ ನೀರನ್ನು ವಾರಕ್ಕೊಮ್ಮೆ ಚೆಲ್ಲಿ. ಡೆಂಗಿ ಹರಡುವ ಸೊಳ್ಳೆ ಬೆಳೆಯುವುದು ಅಲ್ಲಿಯೇ.

ಗಮನಿಸಬೇಕಾದ ಗುರುತುಗಳು

2024ರ ಜುಲೈ 16ರಂದು ಅಂಕೋಲಾ ಬಳಿಯ ಶಿರೂರಿನಲ್ಲಿ, ಅದೇ ತಿಂಗಳ 30ರಂದು ವಯನಾಡಿನ ಮುಂಡಕ್ಕೈ, ಚೂರಲ್‌ಮಲಗಳಲ್ಲಿ ಗುಡ್ಡ ಜರಿದುದನ್ನು ನಾವು ಮರೆತಿಲ್ಲ. ಅವು ದೊಡ್ಡ ದುರಂತಗಳು, ಕಾರಣಗಳೂ ಬೇರೆ ಬೇರೆ. ಆದರೆ ಮನೆ ಬದಿಯ ದರೆ ಜರಿಯುವುದಕ್ಕೆ ನಾವೇ ಕಾರಣರಾಗುವುದುಂಟು. ಅಂಗಳದಲ್ಲಿ ಹೊಸ ಬಿರುಕು, ವಾಲಿದ ಮರ, ಉಬ್ಬಿದ ಗೋಡೆ, ತಿಳಿಯಾಗಿದ್ದ ಒರತೆಯಲ್ಲಿ ಒಮ್ಮೆಲೇ ಕೆಸರುನೀರು ಕಂಡರೆ ಬೆಳಗಾಗುವವರೆಗೆ ಕಾಯಬೇಡಿ. ಮಕ್ಕಳನ್ನೂ ಹಿರಿಯರನ್ನೂ ಕರೆದುಕೊಂಡು ಹೊರಡಿ, ಕೆಳಗಿನ ಮನೆಯವರನ್ನೂ ಎಬ್ಬಿಸಿ. ಹಟ್ಟಿಯ ದನಗಳ ಹಗ್ಗ ಬಿಚ್ಚಲು ಮರೆಯಬೇಡಿ.

ಗೋಡೆ, ಕಣಿಗಳ ಕೆಲಸವನ್ನು ಏಪ್ರಿಲ್ ಒಳಗೆ ಮುಗಿಸಿ, ಗಿಡ ನೆಡುವುದನ್ನು ಜೂನ್‌ಗೆ ಇಟ್ಟುಕೊಳ್ಳಿ. ನಮ್ಮ ಅಂಗಳ ಈಗ ಮೊದಲಿನಷ್ಟು ಅಗಲವಿಲ್ಲ. ಆದರೆ ಜುಲೈಯ ಮಳೆಯಲ್ಲಿ ನಾವು ನಿದ್ದೆ ಮಾಡುತ್ತೇವೆ.