ಬಸ್ರೂರು: ಅಕ್ಕಿ ಕಟ್ಟಿದ ಬಂದರು

ತೆಕ್ಕಟ್ಟೆಯಲ್ಲಿ ಬಸ್ಸು ಹತ್ತಿ ಬಡಗು ಮುಖವಾಗಿ ಹೊರಟರೆ ಕುಂಭಾಶಿಯ ಆನೆಗುಡ್ಡೆ, ಕೋಟೇಶ್ವರದ ದೊಡ್ಡ ಕೆರೆ ದಾಟಿ ಅರ್ಧ ಗಂಟೆಯೊಳಗೆ ಕುಂದಾಪುರದ ಬಸ್ರೂರು ಮೂರುಕೈ ಬರುತ್ತದೆ. ಹೆದ್ದಾರಿಯಲ್ಲಿ ಓಡಾಡುವ ಹೆಚ್ಚಿನವರಿಗೆ ಅದು ಬಸ್ಸು ನಿಲ್ಲುವ ಜಾಗ, ಅಷ್ಟೇ. ಅಲ್ಲಿ ಇಳಿದು ಬಲಕ್ಕೆ, ಮೂಡಣ ದಿಕ್ಕಿಗೆ, ಆರೇಳು ಕಿಲೋಮೀಟರ್ ಹೋದರೆ ಸಿಗುವ ಊರಿನಿಂದ ಒಂದು ಕಾಲಕ್ಕೆ ಅಕ್ಕಿ ಗೋವೆಗೆ ಹೋಗುತ್ತಿತ್ತು, ಅರಬ್ಬೀ ಸಮುದ್ರ ದಾಟಿ ಮಸ್ಕತ್, ಹೊರ್ಮುಜ್‌ಗಳಿಗೂ ಹೋಗುತ್ತಿತ್ತು.

ಬಂದರು ನೋಡಲೆಂದು ಬಂದವರು ಇಲ್ಲಿ ಮೊದಲು ತಬ್ಬಿಬ್ಬಾಗುತ್ತಾರೆ. ಸಮುದ್ರ ಕಾಣುವುದಿಲ್ಲ, ಅಲೆಯ ಸದ್ದಿಲ್ಲ. ತೆಂಗಿನ ತೋಟ, ಗದ್ದೆ, ಹೆಂಚಿನ ಮನೆಗಳು, ಅವುಗಳಾಚೆ ಸದ್ದಿಲ್ಲದೆ ಹರಿಯುವ ವಾರಾಹಿ. ನಾನು ದಾರಿ ಕೇಳಿದಾಗ ಜಗಲಿಯ ಮೇಲೆ ಕುಳಿತಿದ್ದ ಹಿರಿಯರೊಬ್ಬರು ನಕ್ಕು ಹೇಳಿದರು: ‘ಹ್ವಾಯ್, ಬಂದರ್ ಕಾಂಬುಕ್ ಬಂದದ್ದಾ? ಹೊಳಿ ಇತ್ತ್, ಬಂದರ್ ಎಲ್ಲಿತ್ತ್?’

ಆ ಹೊಳೆಯೇ ಬಂದರು. ಕಡಲಿನ ಹಡಗುಗಳು ಅಳಿವೆಯ ಬಳಿ ನಿಲ್ಲುತ್ತಿದ್ದವು, ಸರಕು ದೋಣಿಗಳಲ್ಲಿ ಹೊಳೆಯುದ್ದಕ್ಕೂ ಮೇಲೆ ಕೆಳಗೆ ಓಡಾಡುತ್ತಿತ್ತು. ಪೇಟೆಯನ್ನು ಕಡಲಿನಿಂದ ಇಷ್ಟು ಒಳಗೆ ಇಟ್ಟದ್ದು ಬುದ್ಧಿವಂತರ ಕೆಲಸ ಎಂದೇ ನನಗೆ ಅನಿಸುತ್ತದೆ. ಮಳೆಗಾಲದ ಗಾಳಿ ಇಲ್ಲಿಯವರೆಗೆ ಬಡಿಯುವುದಿಲ್ಲ. ಘಟ್ಟದ ಮೇಲಿನ ಕಾಳುಮೆಣಸೂ ಬಯಲಿನ ಭತ್ತವೂ ಬಂದು ಸೇರಲು ಅನುಕೂಲ. ಕಡಲಗಳ್ಳರು ಏಕಾಏಕಿ ನುಗ್ಗುವಂತೆಯೂ ಇಲ್ಲ.

ಹದಿನಾಲ್ಕನೆಯ ಶತಮಾನದಲ್ಲಿ ಈ ಕರಾವಳಿಯನ್ನು ಹಾದುಹೋದ ಇಬ್ನ್ ಬತೂತ, ಮಲಬಾರಿನಲ್ಲಿ ತಾನು ಕಾಲಿಟ್ಟ ಮೊದಲ ಊರನ್ನು ‘ಅಬೂ ಸರೂರ್’ ಎಂದು ಕರೆದಿದ್ದಾನೆ. ದೊಡ್ಡ ಹಿನ್ನೀರಿನ ದಡದಲ್ಲಿದ್ದ, ತೆಂಗಿನಮರಗಳು ತುಂಬಿದ ಸಣ್ಣ ಊರು ಅದು. ಅದು ನಮ್ಮ ಬಸ್ರೂರೇ ಎಂಬುದು ವಿದ್ವಾಂಸರ ಮಾತು. ಅವನು ಅಲ್ಲಿಂದ ಮುಂದೆ ತಲುಪಿದ ‘ಫಾಕನೂರ್’ ಎಂದರೆ ಬಾರಕೂರು, ಆಳುಪರ ರಾಜಧಾನಿ. ಈ ಎರಡು ಬಂದರುಗಳ ನಡುವೆಯೇ ನಮ್ಮ ತೆಕ್ಕಟ್ಟೆ ಇರುವುದು.

ವಿಜಯನಗರದ ಕಾಲಕ್ಕೆ ಬಸ್ರೂರು ಚೆನ್ನಾಗಿ ಬೆಳೆದಿತ್ತು. ಇಲ್ಲಿನ ಶಾಸನಗಳಲ್ಲಿ ಅರಸರ ಹೆಸರಿನಷ್ಟೇ ಗೌರವದಿಂದ ಬರುವ ಹೆಸರುಗಳಿವೆ: ಮೂಡುಕೇರಿಯ ಮತ್ತು ಪಡುವಕೇರಿಯ ಸೆಟ್ಟಿಕಾರರು, ‘ಹಲರು’ ಎಂಬ ವರ್ತಕರ ಕೂಟ, ಪರ ಊರಿನ ವ್ಯಾಪಾರಿಗಳ ಕೂಟವಾದ ಹಂಜಮಾನ. ದಾನ ಬಿಡುವಾಗ, ಕಟ್ಟಳೆ ಮಾಡುವಾಗ ಈ ಕೂಟಗಳು ಮುಂದಿರುತ್ತಿದ್ದವು. ಅರಸನಿಗೆ ಸಲ್ಲಬೇಕಾದದ್ದನ್ನು ಸಲ್ಲಿಸಿ, ಊರಿನ ವ್ಯವಹಾರವನ್ನು ಊರಿನ ವರ್ತಕರೇ ನಡೆಸುತ್ತಿದ್ದರು. ಬಸ್ರೂರಿನ ಚರಿತ್ರೆಯಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಇದೇ. ಆ ಕೇರಿಗಳ ಹೆಸರು ಇಂದಿಗೂ ಜನರ ಬಾಯಲ್ಲಿದೆ.

ಕೋಟೆಯ ಕತೆ ಶುರುವಾಗುವುದು ಪೋರ್ಚುಗೀಸರಿಂದ. ಅವರ ನಾಲಿಗೆಯಲ್ಲಿ ಬಸ್ರೂರು ‘ಬಾರ್ಸೆಲೋರ್’ ಆಯಿತು. ಗೋವೆಯಲ್ಲಿ ಉಣ್ಣುವ ಬಾಯಿಗಳು ಬಹಳ, ಬೆಳೆಯುವ ಗದ್ದೆ ಕಡಿಮೆ. ಹಾಗಾಗಿ ಕನ್ನಡ ಕರಾವಳಿಯ ಅಕ್ಕಿ ಬಾರದೆ ಅವರ ಒಲೆ ಉರಿಯುತ್ತಿರಲಿಲ್ಲ. ಮೊದಮೊದಲು ಕಪ್ಪವನ್ನೂ ಅಕ್ಕಿಯ ರೂಪದಲ್ಲೇ ಕೇಳಿದರು. 1569ರಲ್ಲಿ ವೈಸರಾಯ್ ಲೂಯಿಸ್ ದ ಅತಾಯ್ದೆ ಹೊನ್ನಾವರವನ್ನೂ ಬಸ್ರೂರನ್ನೂ ಹಿಡಿದು, ಹೊಳೆಯ ಕೆಳಭಾಗದಲ್ಲಿ ಕೋಟೆ ಕಟ್ಟಿಸಿದ. ಮೇಲೆ ವರ್ತಕರ ಊರು, ಕೆಳಗೆ ಪೋರ್ಚುಗೀಸರ ಕೋಟೆ. ಪರದೇಶಿಗಳ ಬರಹಗಳಲ್ಲಿ ಇವು ಮೇಲಿನ ಬಾರ್ಸೆಲೋರ್, ಕೆಳಗಿನ ಬಾರ್ಸೆಲೋರ್. 1623ರಲ್ಲಿ ಇಲ್ಲಿಗೆ ಬಂದ ಇಟಲಿಯ ಪಿಯೆತ್ರೊ ದೆಲ್ಲಾ ವಾಲೆ ಆ ಕೋಟೆಯನ್ನು ಕಣ್ಣಾರೆ ಕಂಡಿದ್ದ. ಚಿಕ್ಕದು, ಹೆಚ್ಚುಕಡಿಮೆ ನಕ್ಷತ್ರದ ಆಕಾರ, ಗೋಡೆ ಪರವಾಗಿಲ್ಲ, ಆದರೆ ಸುತ್ತ ಕಂದಕವಿಲ್ಲ.

ಅವನಿಗೆ ಕಂಡ ಕೊರತೆ ಸುಮಾರು ಮೂವತ್ತು ವರ್ಷದಲ್ಲಿ ನಿಜವಾಯಿತು. 1650ರ ದಶಕದ ಆರಂಭದಲ್ಲಿ ಕೆಳದಿಯ ಶಿವಪ್ಪನಾಯಕ ಹೊನ್ನಾವರ, ಬಸ್ರೂರು, ಮಂಗಳೂರುಗಳಿಂದ ಪೋರ್ಚುಗೀಸರನ್ನು ಎಬ್ಬಿಸಿದ. 1665ರ ಫೆಬ್ರವರಿಯಲ್ಲಿ ಶಿವಾಜಿ ಕಡಲ ಮಾರ್ಗವಾಗಿಯೇ ಬಂದು ಬಸ್ರೂರನ್ನು ಸೂರೆ ಮಾಡಿ, ಗೋಕರ್ಣದ ಮೂಲಕ ಮರಳಿದ. ಅಷ್ಟು ದೂರದಿಂದ ಹಡಗು ಕಟ್ಟಿಕೊಂಡು ಬರಬೇಕಾದರೆ ಈ ಪೇಟೆಯಲ್ಲಿ ಎಷ್ಟು ಹಣವಿದ್ದಿರಬೇಕು! ಮುಂದೆ ವ್ಯಾಪಾರ ನಿಧಾನವಾಗಿ ಕುಂದಾಪುರಕ್ಕೂ ಮಂಗಳೂರಿಗೂ ಜಾರಿತು.

ಇಂದು ನೋಡುವುದೇನಿದೆ? ಮಹಾಲಿಂಗೇಶ್ವರನ ಗುಡಿಯಿಂದ ಶುರು ಮಾಡಿ. ಆಮೇಲೆ ನಖರೇಶ್ವರ. ‘ನಖರ’ ಎಂದರೆ ವರ್ತಕರ ಸಂಘ. ದೇವರ ಹೆಸರಲ್ಲೇ ಊರಿನ ಕಸುಬು ಉಳಿದುಕೊಂಡಿದೆ. ಕೊನೆಗೆ ಸಮಯ ಇಟ್ಟುಕೊಂಡು ತುಳುವೇಶ್ವರಕ್ಕೆ ಹೋಗಿ. ಮಾಡು ಇಲ್ಲದ ಗುಡಿ ಅದು. ಗೋಳಿಮರದ ಬೇರುಗಳು ಗೋಡೆಯ ಸಂದುಸಂದಿಗೂ ಇಳಿದು, ಕಲ್ಲನ್ನು ಅಪ್ಪಿ ಹಿಡಿದಿವೆ. ಯಾವುದು ಗೋಡೆ, ಯಾವುದು ಬೇರು ಎಂದು ಕೈಯಿಟ್ಟು ನೋಡಿದರೆ ಮಾತ್ರ ಗೊತ್ತಾಗುತ್ತದೆ: ಕಲ್ಲು ಒರಟು, ಬೇರು ನುಣುಪು, ತಣ್ಣಗೆ. ನಡುವೆ ಲಿಂಗ. ಮರವೇ ಗುಡಿಯನ್ನು ಒಡೆದದ್ದು ಹೌದು, ಆದರೆ ಈಗ ಉಳಿದ ಗೋಡೆಯನ್ನು ಹಿಡಿದು ನಿಲ್ಲಿಸಿರುವುದೂ ಅದೇ. ಅಂಥ ಜಾಗಕ್ಕೆ ಸಿಮೆಂಟು, ಟೈಲ್ಸು ಹಾಕದೆ ಹಾಗೆಯೇ ಕಾಪಾಡಬೇಕು. ಶಾಸನದ ಕಲ್ಲುಗಳ ಪಕ್ಕದಲ್ಲಿ, ಓದಿದರೆ ಅರ್ಥವಾಗುವ ಹೊಸಗನ್ನಡದಲ್ಲಿ ನಾಲ್ಕು ಸಾಲಿನ ಫಲಕ ಹಾಕಿದರೆ ಶಾಲೆಯ ಮಕ್ಕಳಿಗೆ ದೊಡ್ಡ ಉಪಕಾರ.

ಹಿಂತಿರುಗುವಾಗ ಕುಂದಾಪುರದಲ್ಲಿ ಇಳಿಯಿರಿ. ಪೋರ್ಚುಗೀಸರ ಕಾಲದಲ್ಲಿ, 1570ರಲ್ಲಿ ಸ್ಥಾಪನೆಯಾದ ರೊಸಾರಿಯೊ ಮಾತೆಯ ಇಗರ್ಜಿ ಇಲ್ಲಿದೆ. ಅಲ್ಲಿಂದ ಕೋಡಿಗೆ ಹೋದರೆ ವಾರಾಹಿ, ಚಕ್ರಾ, ಸೌಪರ್ಣಿಕಾ, ಕುಬ್ಜಾ, ಖೇಟಾ ನದಿಗಳು ಒಟ್ಟಾಗಿ ಕಡಲಿಗೆ ಸೇರುವ ಅಳಿವೆ. ಎದುರುದಡದ ಗಂಗೊಳ್ಳಿಯಿಂದ ಮೀನಿನ ಬೋಟುಗಳು ಸಾಲಾಗಿ ಹೊರಬೀಳುವ ದಾರಿಯೂ ಅದೇ.

ಸಂಜೆಯ ಹೊತ್ತಿಗೆ ಉಬ್ಬರ ಏರುತ್ತಿತ್ತು. ಉಪ್ಪುನೀರು ಹೊಳೆಯ ಒಳಕ್ಕೆ, ಬಸ್ರೂರಿನ ದಿಕ್ಕಿಗೆ ನುಗ್ಗುತ್ತಿತ್ತು. ಅಕ್ಕಿಯ ದೋಣಿಗಳು ಊರಿಗೆ ಮರಳಲು ಕಾಯುತ್ತಿದ್ದದ್ದು ಇದೇ ನೀರಿಗೆ.