ಎಲುಬಿಲ್ಲದ ಕಡೆ ಎತ್ತರದ ಅಲೆ

ಲೋಕಲ್ ಗಾಡಿಯಿಂದ ಬಿದ್ದು ತಲೆಗೆ ಪೆಟ್ಟು ತಿಂದವರು ಮುಂಬಯಿಯ ದೊಡ್ಡ ಆಸ್ಪತ್ರೆಗಳಿಗೆ ಹೊಸಬರಲ್ಲ. ಮಿದುಳು ಬಾತರೆ ಸರ್ಜನರು ಬುರುಡೆಯ ತುಂಡೊಂದನ್ನು ತೆಗೆದಿಡುತ್ತಾರೆ. ಜೀವ ಉಳಿದವರಲ್ಲಿ ಕೆಲವರಿಗೆ ಮುಂದೆ ಫಿಟ್ಸ್ ಬರುತ್ತದೆ. ಆಗ ಪರೇಲಿನ ನಮ್ಮ ಇಇಜಿ ಕೋಣೆಗೆ ಬರುತ್ತಾರೆ. ಎಲುಬು ತೆಗೆದ ಜಾಗದ ಮೇಲಿನ ಲೀಡಿನಲ್ಲಿ ಅಲೆಗಳು ಎತ್ತರವಾಗಿ, ಚೂಪಾಗಿ ಏಳುತ್ತವೆ. ಕಲಿಯಲು ಬಂದ ಹುಡುಗರು ಫಿಟ್ಸಿನ ಸ್ಪೈಕ್ ಎಂದು ಗುರುತು ಹಾಕಿಬಿಡುತ್ತಾರೆ. ಎಷ್ಟೋ ಸಲ ಅದು ಮಿದುಳಿನ ಮಾಮೂಲಿ ಲಯ, ಬುರುಡೆಯ ತಡೆಯಿಲ್ಲದೆ ಹೊರಬಂದದ್ದು. ಬ್ರೀಚ್ ರಿದಮ್ ಎನ್ನುತ್ತೇವೆ. ತಲೆಯ ಕಂಪ್ಯೂಟರ್ ಮಾದರಿ ಏಕೆ ಬೇಕು ಎಂದು ಯಾರಾದರೂ ಕೇಳಿದರೆ ನಾನು ತೋರಿಸುವುದು ಈ ಅಲೆಗಳನ್ನೇ.

ನೆತ್ತಿಯಲ್ಲಿ ನಮಗೆ ಸಿಗುವುದು ಹತ್ತಾರು ಮೈಕ್ರೋವೋಲ್ಟು ಮಾತ್ರ. ಅಷ್ಟೂ ದ್ರವ, ಎಲುಬು, ಚರ್ಮ ದಾಟಿ ಬಂದದ್ದು. ಮಿದುಳನ್ನು ಸುತ್ತಿದ ದ್ರವದ ವಾಹಕತೆ ಮೀಟರಿಗೆ ಸುಮಾರು 1.79 ಸೀಮೆನ್ಸ್, ಚರ್ಮದ್ದು 0.33 ಎಂದು ಹಿಡಿಯುತ್ತಾರೆ. ತಕರಾರೆಲ್ಲ ಎಲುಬಿನದು. 1968ರಲ್ಲಿ ರಶ್ ಮತ್ತು ಡ್ರಿಸ್ಕಾಲ್ ಎಂಬ ಸಂಶೋಧಕರು ಎಲುಬಿಗೆ ಚರ್ಮದ ವಾಹಕತೆಯ ಎಂಬತ್ತನೆಯ ಒಂದು ಪಾಲು ಕೊಟ್ಟರು. ದಶಕಗಳ ಕಾಲ ಅದೇ ನಡೆಯಿತು. 2000ದಲ್ಲಿ ಊಸ್ಟೆಂಡಾರ್ಪ್ ತಂಡ ಅಳೆದಾಗ ಸಿಕ್ಕಿದ್ದು ಹದಿನೈದನೆಯ ಒಂದು ಪಾಲು. ಈ ಅಂಕಿ ಬದಲಾದರೆ ಫಿಟ್ಸ್ ಹುಟ್ಟುವ ಜಾಗದ ಆಳದ ಲೆಕ್ಕವೂ ಬದಲಾಗುತ್ತದೆ. ಆಪರೇಷನ್ನಿಗೆ ಕಾದವರಿಗೆ ಇದು ಸಣ್ಣ ಮಾತಲ್ಲ.

ಮಾದರಿ ಕಟ್ಟುವುದು ಹೀಗೆ: ಎಂಆರ್‌ಐ ಚಿತ್ರದಿಂದ ಚರ್ಮ, ಬುರುಡೆ, ದ್ರವ, ಮಿದುಳು ಬೇರ್ಪಡಿಸಿ, ತಲೆಯನ್ನು ಲಕ್ಷಾಂತರ ಪುಟ್ಟ ತುಣುಕುಗಳಾಗಿ ಒಡೆದು, ಪ್ರತಿಯೊಂದಕ್ಕೂ ಅದರ ವಾಹಕತೆ ಬರೆಯುತ್ತಾರೆ. ಒಳಗೆ ಒಂದು ಕಡೆ ವಿದ್ಯುತ್ತು ಹುಟ್ಟಿತು ಎಂದುಕೊಂಡರೆ ಪ್ರತಿ ಲೀಡಿನಲ್ಲಿ ಎಷ್ಟು ಬರಬೇಕು ಎಂಬುದನ್ನು ಕಂಪ್ಯೂಟರ್ ಹೇಳುತ್ತದೆ. ಅದನ್ನು ನಮ್ಮ ರೆಕಾರ್ಡಿಗೆ ಹೋಲಿಸುತ್ತಾರೆ. ಆದರೆ ಹೊರಗಿನ ಒಂದೇ ಚಿತ್ರಕ್ಕೆ ಒಳಗೆ ಹಲವು ಕಾರಣಗಳಿರಬಹುದು ಎಂದು ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್ 1853ರಲ್ಲೇ ತೋರಿಸಿದ್ದ. ಹಾಗಾಗಿ ಫಿಟ್ಸ್ ಬಂದಾಗ ಮೊದಲು ಯಾವ ಕೈ ಅದುರಿತು ಎಂದು ಮನೆಯವರು ಹೇಳುವುದೂ ಇಲ್ಲಿ ಬೇಕೇ ಬೇಕು.

ಲೀಡಿನ ಜಾಗ ಅಳೆಯುವ ನಮ್ಮ ಟೇಪೂ ಅಷ್ಟೇ ಮುಖ್ಯ. ಮೂಗಿನ ಬುಡದಿಂದ ಹಿಂದಲೆಯ ಗುಬುಟಿನವರೆಗೆ 36 ಸೆಂಟಿಮೀಟರ್ ಇದ್ದರೆ ಮೊದಲ ಗುರುತು ಅದರ ಹತ್ತನೆಯ ಒಂದು ಪಾಲಿಗೆ, ಅಂದರೆ 3.6ಕ್ಕೆ. ಲೀಡು ಜಾರಿದರೆ ಎಂಥ ಮಾದರಿಯೂ ದಾರಿ ತಪ್ಪುತ್ತದೆ.

ಸ್ವಂತ ಎಂಆರ್‌ಐ ಇಲ್ಲದವರಿಗೆ ಸರಾಸರಿ ತಲೆ ಬಳಸುವ ರೂಢಿಯಿದೆ, ಹೆಚ್ಚಾಗಿ ಮಾಂಟ್ರಿಯಲ್‌ನಲ್ಲಿ ತಯಾರಾದದ್ದು. ಹೈದರಾಬಾದಿನ ಐಐಐಟಿಯವರು 2019ರಲ್ಲಿ ನೂರು ಮಂದಿ ಭಾರತೀಯರ ಸ್ಕ್ಯಾನಿನಿಂದ ಮಿದುಳಿನ ಅಟ್ಲಾಸ್ ಮಾಡಿದ್ದು ನನಗೆ ನಿಜಕ್ಕೂ ಸಂತೋಷದ ಸುದ್ದಿ. ಆದರೂ ಬುರುಡೆಯಲ್ಲಿ ಕಿಂಡಿಯಿರುವವನಿಗೆ ಯಾವ ಸರಾಸರಿಯೂ ಹೊಂದದು. ಆ ಕಿಂಡಿಯನ್ನು ಅವನ ಸಿಟಿ ಸ್ಕ್ಯಾನಿನಿಂದಲೇ ಮಾದರಿಗೆ ತರಬೇಕು. ಮುಂದೆ ಅಲ್ಲಿ ಟೈಟಾನಿಯಂ ಕೂರಿಸಿದರೆ ವಿದ್ಯುತ್ತು ಹರಿಯುತ್ತದೆ, ಬೋನ್ ಸಿಮೆಂಟ್ ತುಂಬಿದರೆ ಹರಿಯುವುದಿಲ್ಲ. ಮಾದರಿಯನ್ನು ಮತ್ತೆ ತಿದ್ದಬೇಕು. ಅದಕ್ಕೇ ಪೇಸ್ಟ್ ಹಚ್ಚುವ ಮೊದಲು ಕೇಳುತ್ತೇನೆ: "ಹಡ್ಡಿ ವಾಪಸ್ ಲಗಾಯಾ, ಯಾ ಪ್ಲೇಟ್?" ಎಲುಬನ್ನೇ ಮತ್ತೆ ಕೂರಿಸಿದರಾ, ಇಲ್ಲ ಪ್ಲೇಟಾ ಎಂದು. ಗೊತ್ತಿಲ್ಲ ಎಂದರೆ ಡಿಸ್ಚಾರ್ಜ್ ಕಾಗದ ತರಿಸುತ್ತೇನೆ.